ಮೇಣದ ಮೇಲೆ ಕೊರೆದ ವರ್ಷ

ಕೈ ಮೇಲೆ ಬಿಸಿ ಮೇಣ ಬಿದ್ದರೆ ನನಗೆ ಈಗಲೂ ಅಜ್ಜಿ ನೆನಪಾಗುತ್ತಾಳೆ. ಪಾಸ್ಖ ಜಾಗರಣೆಯ ರಾತ್ರಿ, ಅಂದರೆ ಈಸ್ಟರ್ ಹಬ್ಬದ ಹಿಂದಿನ ರಾತ್ರಿ, ಕತ್ತಲೆ ಗುಡಿಯೊಳಗೆ ಒಬ್ಬರ ಬತ್ತಿಯಿಂದ ಇನ್ನೊಬ್ಬರು ಹಚ್ಚಿಕೊಳ್ಳುತ್ತಾ ಬರುವಾಗ ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದಿರುತ್ತಿದ್ದಳು, ಅವಳ ಬತ್ತಿ ಓರೆಯಾಗಿ ಮೇಣವೆಲ್ಲ ನನ್ನ ಮುಂಗೈ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು "ಸ್ಸ್" ಅಂದರೆ "ಸುಮ್ನಿರು, ಆರುತ್ತೆ" ಅನ್ನುತ್ತಿದ್ದಳು. ಆರುತ್ತಿತ್ತು ಕೂಡ. ಆಮೇಲೆ ಉಗುರಿನಿಂದ ಮೆಲ್ಲಗೆ ಎಬ್ಬಿಸಿ ತಿರುಗಿಸಿ ನೋಡಿದರೆ ಮೇಣದ ಒಳಮೈಯಲ್ಲಿ ನನ್ನ ಚರ್ಮದ ಗೆರೆಗಳೆಲ್ಲ ಅಚ್ಚಾಗಿರುತ್ತಿದ್ದವು.

2025ರ ಏಪ್ರಿಲ್‌ನಲ್ಲಿ ಜಾಗರಣೆಗೆ ಹೋದಾಗ ಮನಸ್ಸು ಸರಿ ಇರಲಿಲ್ಲ. ವರ್ಷದ ಶುರುವಿನಲ್ಲೇ ಕೆಲಸ ಹೋಗಿತ್ತು. ಆ ವರ್ಷದ ಹೆಸರು ಕೇಳಿದರೇ ಬೇಜಾರು. ಗುಡಿಯ ಹೊರಗೆ ಬೆಂಕಿ ಹಾಕಿದ್ದರು. ಗುರುಗಳು ದೊಡ್ಡ ಮೇಣದ ಬತ್ತಿಯ ಮೇಲೆ ಚೂರಿಯಿಂದ ಶಿಲುಬೆ ಕೊರೆದರು. ಅದರ ಮೇಲೆ ಆಲ್ಫಾ, ಕೆಳಗೆ ಒಮೆಗಾ. ಗ್ರೀಕರ ಮೊದಲ ಅಕ್ಷರ, ಕೊನೆಯ ಅಕ್ಷರ, ನಮ್ಮ ಅ ಮತ್ತು ಳ ಇದ್ದ ಹಾಗೆ. ಆಮೇಲೆ ಶಿಲುಬೆಯ ನಾಲ್ಕು ಮೂಲೆಗೆ ಒಂದೊಂದೇ ಅಂಕಿ. 2 ಕೊರೆಯುವಾಗ ಕಾಲವೆಲ್ಲ ಕ್ರಿಸ್ತರದು ಅಂದರು, 0 ಕೊರೆಯುವಾಗ ಯುಗಗಳೂ ಅವರವು ಅಂದರು. ಮತ್ತೆ 2, ಮತ್ತೆ 5. ನಾನು ನೋಡುತ್ತಾ ನಿಂತುಬಿಟ್ಟೆ. ನನಗೆ ಬೇಡವಾದ ವರ್ಷವನ್ನೇ ತಗೊಂಡು ಆದಿ ಅಂತ್ಯಗಳ ಮಧ್ಯೆ ಕೂರಿಸಿದ್ದರು!

ಒಳಗೆ ಮೊದಲ ವಾಚನ ಸೃಷ್ಟಿಯ ಕಥೆ. "ಬೆಳಕಾಗಲಿ" ಅಂದರು, ಬೆಳಕಾಯಿತು. ದೇವರು ಆಡಿದ ಆ ಮಾತೇ ಯೇಸುಸ್ವಾಮಿ, ಆದಿಯಲ್ಲೇ ಇದ್ದವರು, ಅವರಿಲ್ಲದೆ ಒಂದೂ ಉಂಟಾಗಲಿಲ್ಲ ಅನ್ನುತ್ತಾರೆ ಶುಭಸಂದೇಶ ಬರೆದ ಯೊವಾನ್ನರು. ಅದೇ ಮಾತು ಮನುಷ್ಯನ ಮೈ ತೊಟ್ಟು ಬಂತು ಅಂತಲೂ ಅನ್ನುತ್ತಾರೆ. ಇದಕ್ಕೇ ಅಲ್ವಾ 325ರಲ್ಲಿ, ಈಗಿನ ಟರ್ಕಿಯಲ್ಲಿರುವ ನಿಸೇಯದಲ್ಲಿ ಬಿಷಪರೆಲ್ಲ ಸೇರಿದ್ದು. ಅಲೆಕ್ಸಾಂಡ್ರಿಯದ ಗುರು ಆರಿಯಸ್, ಸುತ, ಅಂದರೆ ಯೇಸುಸ್ವಾಮಿ, ಇಲ್ಲದ ಕಾಲವೂ ಒಂದಿತ್ತು ಅಂತ ಬೋಧಿಸುತ್ತಿದ್ದ. ಸಭೆ ಒಪ್ಪಲಿಲ್ಲ. ಜನಿಸಿದವರು, ಆದರೆ ಸೃಷ್ಟಿಯಾದವರಲ್ಲ, ಬೆಳಕಿನಿಂದ ಬಂದ ಬೆಳಕು ಅಂತ ಬರೆದಿಟ್ಟಿತು. 1700 ವರ್ಷ ಆಯಿತು. ನಾವು ಭಾನುವಾರ ವಿಶ್ವಾಸ ಪ್ರಮಾಣ ಹೇಳುವಾಗ ಆ ಸಾಲನ್ನು ಬಸ್ ಹಿಡಿಯುವವರ ಹಾಗೆ ದಾಟಿಬಿಡುತ್ತೇವೆ.

ಅಜ್ಜಿಗೆ ಆರಿಯಸ್ ಯಾರು ಅಂತ ಗೊತ್ತಿರಲಿಲ್ಲ. ಕ್ರಿಸ್ಮಸ್ ಗೋದಲಿಯ ಮುಂದೆ ನಾನೊಮ್ಮೆ "ಯೇಸುಸ್ವಾಮಿಗೆ ಎಷ್ಟು ವಯಸ್ಸು?" ಅಂತ ಕೇಳಿದ್ದಕ್ಕೆ, "ಹುಟ್ಟಿದ್ದು ಬೆತ್ಲೆಹೇಮಲ್ಲಿ ಕಣೋ, ಇದ್ದಿದ್ದು ಯಾವಾಗ್ಲೂ" ಅಂದಿದ್ದಳು. ಜಪಸರ ತಿರುಗಿಸುತ್ತಲೇ ಅಂದಿದ್ದು.

ಒಂದು ಬೇಜಾರೂ ಹೇಳಿಬಿಡುತ್ತೇನೆ. ಆ ರಾತ್ರಿಗೆ ಹಳೆ ಒಡಂಬಡಿಕೆಯ ವಾಚನಗಳೇ ಏಳಿವೆ. ಈಗ ಎಷ್ಟೋ ಕಡೆ ಮೂರಕ್ಕೆ ಮುಗಿಸುತ್ತಾರೆ. ಅದೂ ಜಾಸ್ತಿ ಅಂತ ಕೆಲವರು ಆ ವಾಚನಗಳು ಮುಗಿದು ಗಂಟೆ ಬಾರಿಸುವ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಸೃಷ್ಟಿಗೇ ಲೇಟು! ಬಂದವರಲ್ಲೂ ಅರ್ಧ ಜನ ಒಂದು ಕೈಯಲ್ಲಿ ಬತ್ತಿ, ಇನ್ನೊಂದರಲ್ಲಿ ಮೊಬೈಲ್.

ನನ್ನ ಪಕ್ಕ ಒಬ್ಬ ಹುಡುಗ ನಿಂತಿದ್ದ. ನನ್ನ ಬತ್ತಿಗೆ ಅವನದನ್ನು ತಾಗಿಸಿದ. ಅವನದು ಹತ್ತಿಕೊಂಡಿತು, ನನ್ನದು ಒಂಚೂರೂ ಕಮ್ಮಿ ಆಗಲಿಲ್ಲ. ಬೆಳಕಿನಿಂದ ಬೆಳಕು ಅಂದರೆ ಹೀಗೇ ಇರಬೇಕು ಅನ್ನಿಸಿತು. ಅಷ್ಟರಲ್ಲಿ ಅವನ ಬತ್ತಿ ವಾಲಿ ನನ್ನ ಮುಂಗೈ ಮೇಲೆ ಮೇಣ ಬಿತ್ತು. "ಸಾರಿ ಅಂಕಲ್" ಅಂದ. "ಸುಮ್ನಿರು, ಆರುತ್ತೆ" ಅಂದೆ.

ಪೂಜೆ ಮುಗಿದ ಮೇಲೆ ಬೀದಿದೀಪದ ಕೆಳಗೆ ಅದನ್ನು ಮೆಲ್ಲಗೆ ಎಬ್ಬಿಸಿದೆ. ಗೆರೆಗಳು ಜಾಸ್ತಿಯಾಗಿವೆ. ವಯಸ್ಸಾಯಿತಲ್ಲ. ಪರ್ಸಿನಲ್ಲಿ ಇಟ್ಟುಕೊಂಡೆ.