ನೀನೇನು ಅಷ್ಟೊಂದು ದಪ್ಪ ಇರಲಿಲ್ವಲ್ಲ?

"ನೀನೇನು ಅಷ್ಟೊಂದು ದಪ್ಪ ಇರಲಿಲ್ವಲ್ಲ, ಆಪರೇಷನ್ ಯಾಕೆ ಮಾಡಿಸ್ಕೊಂಡೆ?" ಶುಗರ್‌ಗೆಂದು ಹೊಟ್ಟೆ ಚಿಕ್ಕದು ಮಾಡಿ ತೂಕ ಇಳಿಸುವ ಆಪರೇಷನ್ ಮಾಡಿಸ್ಕೊಂಡೆ. ಎರಡು ವರ್ಷದಿಂದ ಇದೇ ಪ್ರಶ್ನೆ. ಹೇಳಿ ಹೇಳಿ ಬಾಯಿ ನೋಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಐದಡಿ ಎರಡಂಗುಲದ ನಾನು 82 ಕೆಜಿ ಇದ್ದೆ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕ, 33. ನೋಡುವವರಿಗೆ ಮೈಕೈ ತುಂಬಿಕೊಂಡ ಹೆಂಗಸು, ಅಷ್ಟೇ. ಒಳಗೆ ಒಂಬತ್ತು ವರ್ಷದ ಶುಗರ್ ಇತ್ತು. ಮೂರು ಥರದ ಮಾತ್ರೆ, ರಾತ್ರಿ ಇನ್ಸುಲಿನ್, ಬೆಳಗ್ಗೆ ವಾಕಿಂಗ್. ಆದರೂ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 9ರಿಂದ ಕೆಳಗಿಳಿಯಲೇ ಇಲ್ಲ.

ಹೋದ ವರ್ಷ ಚಿಕ್ಕಮ್ಮನ ಮನೆ ಗೃಹಪ್ರವೇಶ. ಕೋಸಂಬರಿ, ಎರಡು ತುತ್ತು ಅನ್ನ ಸಾರು ಉಂಡು ಸಾಕೆಂದೆ. ಪಕ್ಕದಲ್ಲಿದ್ದ ದೂರದ ಸಂಬಂಧದ ಅತ್ತೆ ಪಂಕ್ತಿಗೆಲ್ಲ ಕೇಳುವಂತೆ, "ಸೋಮಾರಿಗಳ ದಾರಿ ಕಣೇ ಅದು. ಬಾಯಿ ಕಟ್ಟಿದ್ರೆ ಸಾಕಾಗ್ತಿತ್ತು" ಅಂದರು. ತುಪ್ಪ ಬಡಿಸುತ್ತಿದ್ದ ಹುಡುಗ ಕಥೆ ಕೇಳಲು ಮಿಳ್ಳೆ ಹಿಡಿದು ಅಲ್ಲೇ ನಿಂತುಬಿಟ್ಟ. ಅವನ ಕೈಯ ತುಪ್ಪ ಅತ್ತೆಯ ಸೆರಗಿಗೆ ತೊಟ್ಟಿಕ್ಕಿತು.

ಆವತ್ತು ಸುಮ್ನಿದ್ದೆ. ಈಗ ಹೇಳುತ್ತೇನೆ ಕೇಳಿ ಅತ್ತೆ. ಇದೇ ಶುಗರ್‌ನಿಂದ ಅಪ್ಪನ ಬಲಗಾಲಿನ ಹೆಬ್ಬೆರಳು ತೆಗೆದರು. ಹೆಬ್ಬೆರಳಿಲ್ಲದ ಕಾಲಲ್ಲಿ ಹವಾಯಿ ಚಪ್ಪಲಿ ನಿಲ್ಲುವುದಿಲ್ಲ. ನಾಲ್ಕು ಹೆಜ್ಜೆಗೊಮ್ಮೆ ಜಾರುತ್ತಿತ್ತು. ಕೊನೆಗೆ ಅಮ್ಮ ಅದರ ಹಿಂದಕ್ಕೆ ಹಳೇ ಲಂಗದ ಎಲಾಸ್ಟಿಕ್ ಹೊಲಿದು ಕೊಟ್ಟಳು. ಆ ಚಪ್ಪಲಿ ನೋಡಿದ ಮೇಲೆ ನಾನು ಕಾಯುವುದು ಹೇಗೆ?

ಭಾರತೀಯರಿಗೆ ಕಡಿಮೆ ತೂಕದಲ್ಲೇ ಶುಗರ್ ಬರುತ್ತದೆ. ಯಾರಿಗೆ ಈ ಆಪರೇಷನ್ ಮಾಡಬಹುದು ಅನ್ನುವ 1991ರ ಅಮೆರಿಕದ ಅಳತೆ ಬಿಎಂಐ 40, ಬೇರೆ ಕಾಯಿಲೆ ಇದ್ದರೆ 35 ಎಂದಿತ್ತು. 2022ರಲ್ಲಿ ಈ ಆಪರೇಷನ್ ಮಾಡುವ ಸರ್ಜನ್‌ಗಳ ಸಂಘಗಳೇ ಅದನ್ನು ಬದಲಿಸಿ, ಏಷ್ಯಾದವರಿಗೆ 27.5ರಿಂದಲೇ ಆಪರೇಷನ್ ಮಾಡಬಹುದು ಎಂದವು. ನಮ್ಮ ಇನ್ಶೂರೆನ್ಸ್ ಮಾತ್ರ ಹಳೇ 40, 35ಕ್ಕೇ ಅಂಟಿಕೊಂಡಿದೆ. ನನಗೆ ಒಂದು ರೂಪಾಯಿಯೂ ಬರಲಿಲ್ಲ, ಬಳೆ ಅಡವಿಟ್ಟೆ. ಇದು ಅನ್ಯಾಯ.

ನನಗೆ ಮಾಡಿದ್ದು ಬೈಪಾಸ್, ಹಾರ್ಟಿನದ್ದಲ್ಲ, ಜಠರದ್ದು. ಜಠರದ ಮೇಲ್ಭಾಗದಲ್ಲಿ ಮೊಟ್ಟೆಯಷ್ಟು ಚೀಲ ಉಳಿಸಿ, ಸಣ್ಣ ಕರುಳಿನ ಮೊದಲ ಭಾಗ ಬಿಟ್ಟು ಅದರಾಚೆಗೆ ಜೋಡಿಸುತ್ತಾರೆ. ಊಟದ ದಾರಿ ಬದಲಾದರೆ ಕರುಳಿನ ಹಾರ್ಮೋನುಗಳೂ ಬದಲಾಗುತ್ತವೆ. ತೂಕ ಇಳಿಯುವ ಮುಂಚೆಯೇ ಶುಗರ್ ಇಳಿಯತೊಡಗುತ್ತದೆ. ನನ್ನ ಇನ್ಸುಲಿನ್ ಮೊದಲ ವಾರವೇ ನಿಂತಿತು. ಸುಲಭದ ದಾರಿ ಅನ್ನಬೇಡಿ. ತಿಳಿಸಾರನ್ನು ಔಷಧಿ ಬಾಟಲಿಯ ಮುಚ್ಚಳದಲ್ಲಿ ಅಳೆದು ಕುಡಿದಿದ್ದೇನೆ. ಮೂರನೇ ತಿಂಗಳು ಕೂದಲು ಹಿಡಿಹಿಡಿಯಾಗಿ ಉದುರಿತು. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಜೀವನಪೂರ್ತಿ ನುಂಗಬೇಕು.

ಯಾರಾದರೂ "ಈಗ ಹಸಿವು ಹೇಗಿದೆ?" ಅಂತ ಕೇಳಲಿ ಎಂದು ನನಗೆ ತುಂಬ ಆಸೆ. ಮೊದಲೆಲ್ಲ ಉಂಡು ಕೈ ತೊಳೆಯುವಾಗಲೇ ಇನ್ನೇನಾದರೂ ಬೇಕು ಅನಿಸುತ್ತಿತ್ತು. ಅದು ನನ್ನ ಬಾಯಿಚಪಲ ಎಂದೇ ನಲವತ್ತು ವರ್ಷ ನಂಬಿದ್ದೆ. ಆಪರೇಷನ್ ಆಗಿ ಒಂದು ತಿಂಗಳಿಗೆ, ಒಂದು ಮಧ್ಯಾಹ್ನ ಹೆಸರುಬೇಳೆ ತೊವ್ವೆ ತಿನ್ನುತ್ತಿದ್ದೆ. ಬಟ್ಟಲಲ್ಲಿ ಇನ್ನೂ ಎರಡು ಚಮಚ ಇತ್ತು, ಬೇಡ ಅನಿಸಿತು. ಅಮ್ಮನಿಗೆ ಫೋನ್ ಮಾಡಿ "ಹೊಟ್ಟೆ ತುಂಬಿತು ಅಮ್ಮ" ಎಂದೆ. ಇಷ್ಟು ಹೇಳೋಕೆ ಫೋನ್ ಯಾಕೆ ಮಾಡಿದೆ ಎಂದು ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.