‘ಮೆತ್ತಗೆ ಮಾಡು’ ಅಂದರೆ ಯಾವ ನಾಬ್?

ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಕೀಬೋರ್ಡ್ ಪ್ರೋಗ್ರಾಮರ್ ಆಗಿ, ಅಂದರೆ ಸಿಂಥಸೈಜರ್‌ನಲ್ಲಿ ಹಾಡಿಗೆ ಬೇಕಾದ ಸದ್ದು ರೂಪಿಸುವವನಾಗಿ, ಸೇರಿ ಮೂರು ವಾರ ಆಗಿತ್ತು. ಒಂದು ಭಾವಗೀತೆಯ ರೆಕಾರ್ಡಿಂಗ್. ಹಾಡಿನ ಹಿಂದೆ ಸುಮ್ನೆ ಹರಡಿಕೊಂಡು ನಿಲ್ಲುವಂಥ ಪ್ಯಾಡ್ ಬೇಕಿತ್ತು. ನುಡಿಸಿದೆ.

“ಚುಚ್ಚುತ್ತೆ ಕಣಪ್ಪಾ, ಸ್ವಲ್ಪ ಮೆತ್ತಗೆ ಮಾಡು” ಅಂದರು ಸಂಗೀತ ನಿರ್ದೇಶಕರು. ವಾಲ್ಯೂಮ್ ಇಳಿಸಿದೆ.

“ಈಗ ಸಣ್ಣಗೆ ಚುಚ್ಚುತ್ತೆ.”

ಸೌಂಡ್ ಇಂಜಿನಿಯರ್ ಎದ್ದು ಬಂದರು. ವಾಲ್ಯೂಮನ್ನು ಮೊದಲಿದ್ದಲ್ಲಿಗೇ ಏರಿಸಿ, ಫಿಲ್ಟರಿನ ಕಟಾಫ್ ನಾಬ್ ನಿಧಾನಕ್ಕೆ ಕೆಳಗೆ ತಿರುಗಿಸಿದರು. ಚುಚ್ಚುವುದು ನಿಂತಿತು!

ಆಗಿದ್ದು ಇಷ್ಟು. ಸದ್ದು ಹುಟ್ಟುವ ಭಾಗವಾದ ಆಸಿಲೇಟರಿನಲ್ಲಿ ನಾನು ಆರಿಸಿದ್ದು ಸಾಟೂತ್, ಅಂದರೆ ಗರಗಸದ ಹಲ್ಲಿನ ಆಕಾರದ ಅಲೆ. ಅದರಲ್ಲಿ 220 ಹರ್ಟ್ಜ್ ಸ್ವರ ಹಿಡಿದರೆ ಜೊತೆಗೆ 440, 660, 880 ಹೀಗೆ ಅದರ ಪಟ್ಟುಗಳೆಲ್ಲವೂ ಮೇಲಕ್ಕೆ ಸಾಲಾಗಿ ಬರುತ್ತವೆ. (ಸ್ಕ್ವೇರ್ ಅಲೆಯಲ್ಲಿ 660, 1100 ಥರದ ಮೂರು ಪಟ್ಟು, ಐದು ಪಟ್ಟು ಹೀಗೆ ಬೆಸ ಪಟ್ಟುಗಳು ಮಾತ್ರ. ಅದಕ್ಕೇ ಅದು ಟೊಳ್ಳು ಕೊಳವೆಯ ಹಾಗೆ ಕೇಳುತ್ತದೆ.) ವಾಲ್ಯೂಮ್ ಇಳಿಸಿದರೆ ಎಲ್ಲವೂ ಒಟ್ಟಿಗೆ ತಗ್ಗುತ್ತವೆ. ಲೋ-ಪಾಸ್ ಫಿಲ್ಟರ್ ಕಟಾಫ್‌ಗಿಂತ ಮೇಲಿನವನ್ನು ಮಾತ್ರ ಕರಗಿಸುತ್ತದೆ. ಚುಚ್ಚುತ್ತಿದ್ದದ್ದು ಅವೇ.

ಅಷ್ಟಕ್ಕೇ ಮುಗಿಯಲಿಲ್ಲ. “ಪ್ರತಿ ಸಲ ಬಾಗಿಲು ಬಡಿದು ಒಳಗೆ ಬಂದ ಹಾಗಿದೆ” ಅಂದರು ನಿರ್ದೇಶಕರು. ಸದ್ದು ಹೇಗೆ ಏರಿ ಹೇಗೆ ಇಳಿಯಬೇಕು ಅಂತ ಹೇಳುವುದು ಎನ್ವಲಪ್. ನನ್ನದರಲ್ಲಿ ಅಟ್ಯಾಕ್, ಅಂದರೆ ಸದ್ದು ಏರುವ ಸಮಯ, ಸೊನ್ನೆ ಇತ್ತು. ಕೀ ಒತ್ತಿದ ಕೂಡಲೇ ಪೂರ್ತಿ ಸದ್ದು. ಅರ್ಧ ಸೆಕೆಂಡಿಗೆ ಏರಿಸಿದೆ, ನಾದ ಮಂಜಿನ ಹಾಗೆ ಬಂತು. ಬಾಲ ಉದ್ದ ಇರಲಿ ಅಂತ ಸಸ್ಟೇನ್ ಏರಿಸಿದೆ. ಏನೂ ಉದ್ದ ಆಗಲಿಲ್ಲ! ಅಟ್ಯಾಕ್, ಡಿಕೇ (ಏರಿದ ಸದ್ದು ಸಸ್ಟೇನ್ ಮಟ್ಟಕ್ಕೆ ಇಳಿಯುವ ಹೊತ್ತು), ರಿಲೀಸ್ ಮೂರೂ ಸಮಯದ ಲೆಕ್ಕ. ಸಸ್ಟೇನ್ ಮಾತ್ರ ಮಟ್ಟದ ಲೆಕ್ಕ: ಕೀ ಒತ್ತಿ ಹಿಡಿದಷ್ಟು ಹೊತ್ತು ಸದ್ದು ಎಷ್ಟು ಎತ್ತರದಲ್ಲಿ ನಿಲ್ಲಬೇಕು ಅನ್ನೋದು. ಬೆರಳು ತೆಗೆದ ಮೇಲಿನ ಬಾಲ ರಿಲೀಸ್‌ನದ್ದು. ಈ ಒಂದು ಹೆಸರು ಎಷ್ಟು ಜನರನ್ನು ದಾರಿ ತಪ್ಪಿಸಿದೆಯೋ! ರಿಲೀಸನ್ನು ಖುಷಿಯಲ್ಲಿ ನಾಲ್ಕು ಸೆಕೆಂಡಿಗೆ ಇಟ್ಟೆ. ಹಿಂದಿನ ಕಾರ್ಡ್ (ಒಟ್ಟಿಗೆ ಒತ್ತಿದ ಸ್ವರಗಳ ಗುಂಪು) ಮುಂದಿನದರ ಮೇಲೆ ಬಿದ್ದು ಬಿಸಿಬೇಳೆ ಬಾತ್ ಆಯ್ತು. ಒಂದಕ್ಕೆ ಇಳಿಸಿದ ಮೇಲೆ ಸರಿಹೋಯಿತು.

ಕೊನೆಗೆ ಎಲ್‌ಎಫ್‌ಒ, ಅಂದರೆ ಲೋ ಫ್ರೀಕ್ವೆನ್ಸಿ ಆಸಿಲೇಟರ್. ಇದರ ಅಲೆ ಕಿವಿಗೆ ಕೇಳದಷ್ಟು ನಿಧಾನ, ಬೇರೆ ನಾಬ್‌ಗಳನ್ನು ಅಲ್ಲಾಡಿಸುವುದೇ ಇದರ ಕೆಲಸ. ಸೆಕೆಂಡಿಗೆ ಐದಾರು ಸಲ ಪಿಚ್ (ಸ್ವರದ ಎತ್ತರ) ಅಲ್ಲಾಡಿಸಿದರೆ ವೈಬ್ರಾಟೋ, ಅಂದರೆ ಸ್ವರದ ನಡುಕ. ನಾವು ಹತ್ತು ಸೆಕೆಂಡಿಗೊಮ್ಮೆ ಕಟಾಫ್ ಅನ್ನು ಚೂರೇ ಚೂರು ಏರಿಳಿಸಿದೆವು. ಪ್ಯಾಡ್ ಉಸಿರಾಡತೊಡಗಿತು.

1970ರ ಮಿನಿಮೂಗ್ ಸಿಂಥಸೈಜರ್‌ನ ಫೋಟೋ ಒಂದು ಈಗ ನನ್ನ ಟೇಬಲ್ಲಿನ ಮೇಲಿದೆ. ಎಡದಿಂದ ಬಲಕ್ಕೆ ಆಸಿಲೇಟರ್, ಮಿಕ್ಸರ್, ಫಿಲ್ಟರ್, ಔಟ್‌ಪುಟ್. ಸದ್ದು ಹರಿಯುವ ದಾರಿಯೂ ಅದೇ. ಯಾರಾದರೂ “ಏನೋ ಸರಿಯಿಲ್ಲ” ಅಂದರೆ ಅದೇ ಸಾಲಿನಲ್ಲಿ ಹುಡುಕುತ್ತೇನೆ. “ಶುರುವಿನಲ್ಲಾ ಸಾರ್, ನಡುವಲ್ಲಾ, ಕೈ ಬಿಟ್ಟ ಮೇಲಾ?” ಅಂತ ಕೇಳಿಬಿಡುತ್ತೇನೆ.

ಮೊನ್ನೆ ಒಬ್ಬರು “ಮಳೆ ಬಂದ ಹಾಗಿರಲಿ” ಅಂದರು. ನಾಯ್ಸ್ (ಸ್ವರವಿಲ್ಲದ ‘ಸ್ಸ್’ ಸದ್ದು) ಹಾಕಿ, ಫಿಲ್ಟರಿನಲ್ಲಿ ಸೋಸಿ, ಅಟ್ಯಾಕ್ ನಿಧಾನ ಮಾಡಿ ಕೇಳಿಸಿದೆ. “ಚೆನ್ನಾಗಿದೆ, ಇಷ್ಟು ಜೋರು ಮಳೆ ಬೇಡ” ಅಂದರು. ಅವತ್ತು ವಾಲ್ಯೂಮನ್ನೇ ಇಳಿಸಿದೆ.