ಎರಡೆಲೆ ಬದಲಿಸಿ ಗೆದ್ದವರ ಮೇಲೆ ಸಿಟ್ಟು ಯಾಕೆ?

ಕ್ಯಾಲಿಫೋರ್ನಿಯಾದ ಕಾರ್ಡ್ ರೂಮುಗಳಲ್ಲಿ ಲೋಬಾಲ್, ಅಂದರೆ ಸಣ್ಣ ಕೈ ಗೆಲ್ಲುವ ಪೋಕರ್, ಆಡುವ ಟೇಬಲ್ ಸಿಗುವುದೇ ಕಷ್ಟ. ಎಲ್ಲಿ ನೋಡಿದರೂ ಹೋಲ್ಡಮ್ ಅನ್ನುವ ಪೋಕರ್. ಹಾಗಾಗಿ ಟ್ರಿಪಲ್ ಡ್ರಾ ಅನ್ನುವ ಲೋಬಾಲ್ ಟೇಬಲ್ ಶುರುವಾಗಿದೆ ಅಂತ ಗೊತ್ತಾದರೆ ನಾನು ಬೇರೆ ಕೆಲಸ ಬಿಟ್ಟು ಹೋಗುತ್ತೇನೆ.

ಆಟ ಸರಳ. ಕೈಗೆ ಐದು ಎಲೆ, ಮೂರು ಸಲ ಬದಲಿಸಬಹುದು (ಒಂದೊಂದು ಸಲವೂ ಒಂದು ಡ್ರಾ), ನಾಲ್ಕು ಸಲ ಬೆಟ್ಟಿಂಗ್, ಅತಿ ಸಣ್ಣ ಕೈ ಗೆಲ್ಲುತ್ತದೆ. ಎಕ್ಕ ಇಲ್ಲಿ ದೊಡ್ಡ ಎಲೆ, ಸ್ಟ್ರೇಟ್ (ಐದೂ ಎಲೆ ಕ್ರಮವಾಗಿ) ಮತ್ತು ಫ್ಲಶ್ (ಐದೂ ಒಂದೇ ಜಾತಿ) ಬಂದರೂ ನಷ್ಟ. ಆದ್ದರಿಂದ 7-5-4-3-2ಕ್ಕಿಂತ ಒಳ್ಳೆಯ ಕೈ ಇಲ್ಲ.

ಮೊನ್ನೆ ಎರಡನೇ ಡ್ರಾದಲ್ಲೇ ನನಗೆ 8-6-5-4-2 ಆಯಿತು. ಬೆಟ್ ಮಾಡಿದೆ. ಎದುರಿಗಿದ್ದ ಹಿರಿಯರು ಕಾಲ್ ಮಾಡಿ (ಅಷ್ಟೇ ಹಣ ಹಾಕಿ), ಕೊನೇ ಡ್ರಾದಲ್ಲೂ ಎರಡೆಲೆ ಎಸೆದರು. ಬಂದ ಎರಡನ್ನೂ ಮೂಲೆ ಎತ್ತಿ ಒಂದೊಂದಾಗಿ ನೋಡಿ, ನನ್ನ ಬೆಟ್ ಮೇಲೆ ರೇಸ್ ಮಾಡಿದರು, ಅಂದರೆ ಹಣ ಏರಿಸಿದರು. 7-6-4-3-2! ಅವರು ಉಳಿಸಿಕೊಂಡಿದ್ದು 2-3-7. ಅಲ್ಲಿಂದ ನನ್ನ ಕೈಯನ್ನು ಹೊಡೆಯುವುದು ಹೆಚ್ಚುಕಡಿಮೆ ನೂರಕ್ಕೆ ಮೂರು ಸಲ ಅಷ್ಟೇ.

ಹೊಟ್ಟೆ ಉರಿಯಿತು, ನಿಜ. ಲೋಬಾಲ್‌ನಲ್ಲಿ ಯಾರು ಎಷ್ಟು ಎಲೆ ಬದಲಿಸಿದರು ಅನ್ನುವುದು ಟೇಬಲ್‌ಗೆಲ್ಲ ಕಾಣುತ್ತದೆ, ಅದಕ್ಕೇ ಇಲ್ಲಿ ಉರಿ ಜಾಸ್ತಿ. ಆದರೆ ಪಕ್ಕದಲ್ಲಿದ್ದ ಒಬ್ಬ ಅವರಿಗೆ "ಇನ್ನೂ ಎರಡೆಲೆ ಬೇಕಿರುವಾಗ ಯಾಕೆ ಕಾಲ್ ಮಾಡ್ತೀರಿ" ಅಂತ ಪಾಠ ಹೇಳಲು ಶುರು ಮಾಡಿದಾಗ ನನಗೆ ಬಂದ ಸಿಟ್ಟು ಸೋತಿದ್ದಕ್ಕಿಂತ ದೊಡ್ಡದು. ಕಾಸು ಹೋಗಿದ್ದು ನನ್ನದು, ಇವನಿಗೇನು ಕಷ್ಟ? ಟ್ರಿಪಲ್ ಡ್ರಾ ಟೇಬಲ್‌ನಲ್ಲಿ ಇರುವುದೇ ಆರು ಜನ. ಇಬ್ಬರು ಬೇಜಾರಾಗಿ ಎದ್ದು ಹೋದರೆ ಆಟವೇ ನಿಲ್ಲುತ್ತದೆ.

ಅಂಥ ಹಿರಿಯರು ಬೆಳೆದ ಆಟವೇ ಬೇರೆ. 1987ರಲ್ಲಿ ಹೋಲ್ಡಮ್‌ಗೆ ದಾರಿ ಬಿಡುವವರೆಗೆ ಇಲ್ಲಿನ ಕ್ಲಬ್ಬುಗಳಲ್ಲಿ ಡ್ರಾ ಪೋಕರ್‌ದೇ ರಾಜ್ಯಭಾರ. ಗಾರ್ಡೀನಾ ಊರಂತೂ ಅದರಿಂದಲೇ ಹೆಸರಾಗಿತ್ತು. ಆ ಹಳೇ ಲೋಬಾಲ್‌ನಲ್ಲಿ ಎಕ್ಕ ಅತಿ ಸಣ್ಣ ಎಲೆ, ಸ್ಟ್ರೇಟ್ ಬಂದರೆ ಚಿಂತೆಯಿಲ್ಲ, ಕಟ್ಟಿನಲ್ಲಿ ಜೋಕರ್ ಬೇರೆ. ಈ ಆಟಕ್ಕೆ ಬಂದಾಗಲೂ ಕೆಲವರ ಕೈ ಎಕ್ಕ ಬಿಡಲು ಒಪ್ಪುವುದಿಲ್ಲ. ಆ ಎಕ್ಕದಿಂದ ನಾವು ಗೆದ್ದ ಪಾಟ್‌ಗಳನ್ನು ಯಾರೂ ಕಥೆ ಮಾಡಿ ಹೇಳುವುದಿಲ್ಲ, ಅಲ್ವಾ?

ಇನ್ನೊಂದು ಮಾತು. ಸುಮಾರು ಜನ ದುರದೃಷ್ಟ ಅನ್ನುವುದು ದುರದೃಷ್ಟವೇ ಅಲ್ಲ. ಶುರುವಿನಲ್ಲೇ 2-3-4-7, ಜೊತೆಗೆ ಕೆಲಸಕ್ಕೆ ಬಾರದ ಒಂದೆಲೆ ಬಂದಿದೆ ಅಂದುಕೊಳ್ಳಿ. ಎಂಟು ಅಥವಾ ಅದಕ್ಕಿಂತ ಸಣ್ಣ ಕೈ ಆಗಲು 5, 6, 8 ಬೇಕು. ನಿಮಗೆ ಕಾಣದ 47 ಎಲೆಗಳಲ್ಲಿ ಅಂಥವು 12. ಮೂರು ಸಲ ಬದಲಿಸಿದರೂ ಒಂದೂ ಬಾರದೇ ಇರುವುದು ನೂರಕ್ಕೆ 40 ಸಲ! ಇಷ್ಟು ಚೆಂದದ ಕೈಗೇ ಹೀಗೆ. ಒಂದೇ ಸಂಜೆ ಸಾಲಾಗಿ ನಾಲ್ಕು ಸಲ ರಾಜ, ಗುಲಾಮ ಬಂದು ಕೂತರೆ ಡೀಲರ್ ಮುಖ ನೋಡಬೇಕಾಗಿಲ್ಲ.

ಆ ಹಿರಿಯರಂಥವರ ಎದುರು ನಾನು ನನ್ನ ಆಟದಲ್ಲಿ ಬದಲಿಸಿರುವುದು ಎರಡೇ ಸಂಗತಿ. ಮೊದಲನೆಯದು, ಕೆಟ್ಟ ಕೈ ಇಟ್ಟುಕೊಂಡು ಎಲೆ ಬದಲಿಸದೆ ಕೂತು ಹೆದರಿಸುವ ಆಟ ಪೂರ್ತಿ ಬಂದ್. ಏನಿದ್ದರೂ ಕಾಲ್ ಮಾಡುವವರನ್ನು ಹೆದರಿಸಿ ಏನು ಬಂತು? ಮತ್ತೆ, ಕೊನೇ ಡ್ರಾದಲ್ಲಿ ಅವರು ಎರಡೆಲೆ ಕೇಳಿದರೆ ನನ್ನ ಹತ್ತಿರ ಬರೀ 9-8 (ದೊಡ್ಡ ಎಲೆ ಒಂಬತ್ತು, ಅದರ ಕೆಳಗೆ ಎಂಟು) ಇದ್ದರೂ ಮುರಿಯುವುದಿಲ್ಲ. ಹಾಗೇ ಇಟ್ಟುಕೊಂಡು ಬೆಟ್ ಮಾಡುತ್ತೇನೆ.